ವೇರಿಯಬಲ್ ಆರಿಸಲು ನಾನು ಕಾರಣ ನಕ್ಷೆ ಬರೆಯುವ ಬಗೆ

ಒಂದು ಕಾರಣದ ಪರಿಣಾಮವನ್ನು ಅಂದಾಜಿಸುವ ಸಂಖ್ಯಾಶಾಸ್ತ್ರದ ಮಾಡೆಲ್‌ಗೆ ಯಾವ ವೇರಿಯಬಲ್ ಹಾಕಬೇಕು ಅನ್ನುವುದನ್ನು ನಾನು ಪಿ-ವ್ಯಾಲ್ಯೂ (ನಂಟೇ ಇಲ್ಲದಿದ್ದರೂ ಇಷ್ಟು ನಂಟು ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ನೋಡಿ ತೀರ್ಮಾನಿಸುವುದಿಲ್ಲ. ಒಂದೊಂದನ್ನೇ ಪರೀಕ್ಷಿಸಿ, 0.2ಕ್ಕಿಂತ ಕಡಿಮೆ ಬಂದದ್ದನ್ನೆಲ್ಲ ಒಳಗೆ ಸೇರಿಸುವ ರೂಢಿ ಇನ್ನೂ ಹೋಗಿಲ್ಲ. ಕನ್ಫೌಂಡರ್ ಅಂದರೆ ಎಕ್ಸ್‌ಪೋಷರ್ (ನಾವು ಪರೀಕ್ಷಿಸುವ ಕಾರಣ), ಔಟ್‌ಕಮ್ (ಅದರ ಫಲ) ಎರಡಕ್ಕೂ ಕಾರಣವಾದದ್ದು. ಮೀಡಿಯೇಟರ್ ಅಂದರೆ ಅವೆರಡರ ನಡುವಿನ ದಾರಿಯಲ್ಲಿರುವುದು. ಕೊಲೈಡರ್ ಅಂದರೆ ಎರಡು ಬೇರೆ ಕಾರಣಗಳ ಬಾಣ ಬಂದು ಕೂಡುವ ವೇರಿಯಬಲ್. ಈ ಮೂರೂ ಔಟ್‌ಕಮ್ ಜೊತೆ ಒಂದೇ ಥರದ ನಂಟು ತೋರಿಸಬಲ್ಲವು. ಮೊದಲನೆಯದನ್ನು ಅಡ್ಜಸ್ಟ್ ಮಾಡಲೇಬೇಕು (ಮಾಡೆಲ್‌ಗೆ ಸೇರಿಸಿ, ಅದು ಒಂದೇ ಇರುವವರನ್ನು ಹೋಲಿಸಬೇಕು), ಉಳಿದೆರಡನ್ನು ಮಾಡಿದರೆ ಉತ್ತರ ಕೆಡುತ್ತದೆ. ಯಾವುದು ಯಾವುದೆಂದು ಡೇಟಾ ಒಂದೇ ಹೇಳಲಾರದು. ಕಾಯಿಲೆ ಹೇಗೆ ಬರುತ್ತದೆಂಬ ತಿಳಿವಳಿಕೆ ಬೇಕು. ಅದನ್ನು ಕಾಗದಕ್ಕಿಳಿಸುವುದೇ ಡ್ಯಾಗ್: ಬಾಣಗಳಿರುವ, ಆದರೆ ಹೊರಟಲ್ಲಿಗೇ ಸುತ್ತಿ ಬರದ ನಕ್ಷೆ.

ಡೇಟಾ ಫೈಲ್ ತೆರೆಯುವ ಮೊದಲೇ ಬರೆಯುತ್ತೇನೆ. ಎಕ್ಸ್‌ಪೋಷರ್ ಎಡಕ್ಕೆ, ಔಟ್‌ಕಮ್ ಬಲಕ್ಕೆ, ಕಾಲ ಎಡದಿಂದ ಬಲಕ್ಕೆ. ಉದಾಹರಣೆಗೆ, ವ್ಯಾಯಾಮದಿಂದ ಮುಂದಿನ 10 ವರ್ಷದಲ್ಲಿ ಹೃದಯಾಘಾತ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆ. ವಯಸ್ಸಿನಿಂದ ವ್ಯಾಯಾಮ, ಆದಾಯ, ಧೂಮಪಾನ, ಬಿಪಿ, ಹೃದಯಾಘಾತ ಎಲ್ಲಕ್ಕೂ ಬಾಣ. ಆದಾಯದಿಂದ ವ್ಯಾಯಾಮಕ್ಕೊಂದು, ಧೂಮಪಾನಕ್ಕೊಂದು. ಧೂಮಪಾನದಿಂದ ಹೃದಯಾಘಾತಕ್ಕೆ. ವ್ಯಾಯಾಮದಿಂದ ಬಿಪಿಗೆ, ಬಿಪಿಯಿಂದ ಹೃದಯಾಘಾತಕ್ಕೆ. ವ್ಯಾಯಾಮದಿಂದ ನೇರವಾಗಿ ಹೃದಯಾಘಾತಕ್ಕೂ ಒಂದು. ಅಳೆಯದ ವಂಶವಾಹಿ ಗುಣದಿಂದಲೂ ಬಿಪಿಗೆ ಮತ್ತು ಹೃದಯಾಘಾತಕ್ಕೆ. ಅಳೆದಿಲ್ಲ ಅಂತ ಅದನ್ನು ಬಿಡಬಾರದು, ಚುಕ್ಕೆಗೆರೆಯ ವೃತ್ತದಲ್ಲಿ ಇಡಬೇಕು.

ಈಗ ಹಿಂಬಾಗಿಲ ದಾರಿಗಳನ್ನು ಹುಡುಕಬೇಕು, ಅಂದರೆ ವ್ಯಾಯಾಮದೊಳಕ್ಕೆ ಬರುವ ಬಾಣದಿಂದ ಶುರುವಾಗಿ ಹೃದಯಾಘಾತ ಮುಟ್ಟುವ ದಾರಿಗಳನ್ನು. ಈ ನಕ್ಷೆಯಲ್ಲಿ ಅವನ್ನೆಲ್ಲ ಅಡ್ಜಸ್ಟ್ ಮಾಡಿ ಮುಚ್ಚಲು ವಯಸ್ಸಿನ ಜೊತೆ ಆದಾಯ ಅಥವಾ ಧೂಮಪಾನ, ಎರಡರಲ್ಲಿ ಒಂದಿದ್ದರೆ ಸಾಕು. ಆದರೆ ಆದಾಯ ಕಡಿಮೆಯಿದ್ದವರಿಗೆ ಚಿಕಿತ್ಸೆಯೂ ತಡವಾಗುತ್ತದೆ ಎಂದು ಒಪ್ಪಿ ಆದಾಯದಿಂದ ಹೃದಯಾಘಾತಕ್ಕೆ ನೇರ ಬಾಣ ಹಾಕಿದ ಕ್ಷಣ ಆದಾಯ ಬೇಕೇಬೇಕು. ಸಿಗರೇಟು ಸೇದುವವರಿಗೆ ಏದುಸಿರು ಬಂದು ವ್ಯಾಯಾಮ ಕಡಿಮೆಯಾಗುತ್ತದೆ ಎಂದು ಇನ್ನೊಂದು ಬಾಣ ಹಾಕಿದರೆ ವಯಸ್ಸು, ಆದಾಯ, ಧೂಮಪಾನ ಮೂರೂ ಬೇಕು. ಹಾಕಿದ ಬಾಣಕ್ಕಿಂತ ಹಾಕದ ಬಾಣವೇ ದೊಡ್ಡ ಹೇಳಿಕೆ, ಯಾಕೆಂದರೆ ಅಲ್ಲಿ ನೇರ ಪರಿಣಾಮ ಸೊನ್ನೆ ಎಂದು ಹೇಳಿದಂತಾಯಿತು. ಹಾಗಾಗಿ ಬಾಣವಿಲ್ಲದ ಪ್ರತಿಯೊಂದು ಜೋಡಿಯ ಬಗ್ಗೆಯೂ ರೋಗಿಗಳನ್ನು ನೋಡುವ ವೈದ್ಯರನ್ನು ಕೇಳುತ್ತೇನೆ.

ಹೆಚ್ಚು ಎಡವುವುದು ಬಿಪಿಯಲ್ಲಿ. ವ್ಯಾಯಾಮ ಶುರುವಾದ ಮೇಲೆ ಅಳೆದ ಬಿಪಿಯನ್ನು ಅಡ್ಜಸ್ಟ್ ಮಾಡಿದರೆ ವ್ಯಾಯಾಮದ ಲಾಭ ಹರಿಯುವ ಒಂದು ದಾರಿಯನ್ನೇ ಕಡಿದಂತೆ. ಅಷ್ಟೇ ಅಲ್ಲ, ವ್ಯಾಯಾಮ, ವಂಶವಾಹಿ ಎರಡರ ಬಾಣವೂ ಬಿಪಿಗೆ ಬರುವುದರಿಂದ ಅದು ಕೊಲೈಡರ್ ಕೂಡ, ಹಾಗಾಗಿ ಮುಚ್ಚಿದ್ದ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಬಿಪಿ ಒಂದೇ ಇರುವ ಇಬ್ಬರಲ್ಲಿ, ವ್ಯಾಯಾಮ ಮಾಡಿಯೂ ಅಷ್ಟೇ ಬಿಪಿ ಉಳಿದವರಿಗೆ ಕೆಟ್ಟ ವಂಶವಾಹಿ ಇರುವ ಸಾಧ್ಯತೆ ಜಾಸ್ತಿ. ಹೀಗೆ ಇಲ್ಲದ ನಂಟು ಹುಟ್ಟಿ, ವ್ಯಾಯಾಮ ಇರುವುದಕ್ಕಿಂತ ಕಡಿಮೆ ಉಪಯುಕ್ತವಾಗಿ ಕಾಣುತ್ತದೆ. ವ್ಯಾಯಾಮಕ್ಕೆ ಮೊದಲಿನ ಬಿಪಿಯ ಮಾತು ಬೇರೆ: ಬಿಪಿ ಇದೆಯೆಂದೇ ನಡೆಯಲು ಶುರುಮಾಡಿದವರಿದ್ದರೆ ಅದು ಕನ್ಫೌಂಡರ್. ಆದ್ದರಿಂದ ಬಿಪಿ, ತೂಕ, ಸಕ್ಕರೆ ಇಂಥವನ್ನು ‘ತೂಕ-1’, ‘ತೂಕ-2’ ಎಂದು ಅಳೆದ ಕಾಲಕ್ಕೆ ತಕ್ಕಂತೆ ಒಡೆದು ಬರೆಯುತ್ತೇನೆ. ನಕ್ಷೆಯಲ್ಲಿ ಸುತ್ತು ಬಂದರೂ ಮದ್ದು ಇದೇ.

ಕೊಲೈಡರ್ ಮಾಡೆಲ್‌ನಲ್ಲೇ ಇರಬೇಕೆಂದಿಲ್ಲ, ಯಾರನ್ನು ಅಧ್ಯಯನಕ್ಕೆ ತೆಗೆದುಕೊಂಡಿರಿ ಎಂಬುದರಲ್ಲೂ ಅಡಗಿರುತ್ತದೆ. 1,000 ಜನರಲ್ಲಿ 100 ಮಂದಿಗೆ ಒಂದು ಕಾಯಿಲೆ, 100 ಮಂದಿಗೆ ಇನ್ನೊಂದು, ಎರಡಕ್ಕೂ ನಂಟಿಲ್ಲ ಅಂದುಕೊಳ್ಳಿ. ಎರಡೂ ಇರುವವರು 10 ಮಂದಿ. ಯಾವುದಾದರೊಂದು ಇದ್ದವರೆಲ್ಲ ಆಸ್ಪತ್ರೆಗೆ ಸೇರಿದರೆ ಒಳಗೆ 190 ಮಂದಿ. ಅವರಲ್ಲಿ ಮೊದಲ ಕಾಯಿಲೆ ಇರುವ 100 ಮಂದಿಯಲ್ಲಿ ಎರಡನೆಯದು ಇರುವುದು 10 ಮಂದಿಗೆ, ಮೊದಲನೆಯದು ಇಲ್ಲದ 90 ಮಂದಿಯಲ್ಲಿ ಎಲ್ಲರಿಗೂ. ಒಂದು ಕಾಯಿಲೆ ಇನ್ನೊಂದನ್ನು ತಡೆಯುತ್ತದೆ ಎಂಬ ಭ್ರಮೆ ಹುಟ್ಟಲು ಇಷ್ಟು ಸಾಕು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್ಸನ್ 1946ರಲ್ಲೇ ಇದನ್ನು ತೋರಿಸಿದ್ದರು. ಅದಕ್ಕೇ ‘ಅಧ್ಯಯನಕ್ಕೆ ಸೇರಿದ್ದು’ ಎಂಬುದನ್ನೂ ನಕ್ಷೆಯಲ್ಲಿ ಒಂದು ವೇರಿಯಬಲ್ ಮಾಡಿ, ಅದು ಆಗಲೇ ಅಡ್ಜಸ್ಟ್ ಆಗಿದೆ ಎಂಬ ಗುರುತಿಗೆ ಚೌಕ ಹಾಕಿಡುತ್ತೇನೆ.

ಹತ್ತು ವೇರಿಯಬಲ್ ದಾಟಿದ ಮೇಲೆ ದಾರಿಗಳನ್ನು ಕೈಯಲ್ಲಿ ಎಣಿಸಲು ಹೋಗಬೇಡಿ. ಇಂಥ ನಕ್ಷೆ ಬರೆಯುವ ಡ್ಯಾಗಿಟಿ ಎಂಬ ತಂತ್ರಾಂಶ ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ, ಆರ್ (ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ) ಪ್ಯಾಕೇಜ್ ಕೂಡ ಇದೆ. ಅಡ್ಜಸ್ಟ್ ಮಾಡಬೇಕಾದ ಕನಿಷ್ಠ ಗುಂಪುಗಳನ್ನು ಅದೇ ಕೊಡುತ್ತದೆ. ನಕ್ಷೆ ನಿಜವಾದರೆ ಡೇಟಾದಲ್ಲಿ ಯಾವ ಜೋಡಿಗೆ ನಂಟಿರಬಾರದು ಎಂಬ ಪಟ್ಟಿಯನ್ನೂ ಕೊಡುತ್ತದೆ. ಮೇಲಿನ ಮೊದಲ ನಕ್ಷೆಯ ಪ್ರಕಾರ ವಯಸ್ಸು, ಆದಾಯ ಒಂದೇ ಇರುವವರಲ್ಲಿ ಧೂಮಪಾನಕ್ಕೂ ವ್ಯಾಯಾಮಕ್ಕೂ ನಂಟಿರಬಾರದು. ಗಟ್ಟಿ ನಂಟು ಕಂಡರೆ ಬಾಣವೊಂದು ತಪ್ಪಿಹೋಗಿದೆ. ಅದರ ದಿಕ್ಕನ್ನು ಮಾತ್ರ ನೀವೇ ನಿರ್ಧರಿಸಬೇಕು.

ವ್ಯಾಯಾಮಕ್ಕೆ ಮಾತ್ರ ಕಾರಣವಾಗಿ ಹೃದಯಾಘಾತಕ್ಕೆ ಬೇರೆ ದಾರಿಯಿಲ್ಲದ ವೇರಿಯಬಲ್ ಬೇಡ: ಅಂದಾಜಿನ ಹರವು (ಅನಿಶ್ಚಿತತೆ) ಹಿಗ್ಗುತ್ತದೆ, ಅಳೆಯದ ಕನ್ಫೌಂಡರ್ ಇದ್ದರೆ ಪಕ್ಷಪಾತವೂ (ಉತ್ತರ ಒಂದೇ ಕಡೆಗೆ ವಾಲುವುದು) ಹೆಚ್ಚಬಹುದು. ಸೇರಿಸಬೇಕಾದ್ದನ್ನು ಒರಟಾಗಿ ಸೇರಿಸಿದರೂ ಕೆಲಸವಾಗದು. ವಯಸ್ಸನ್ನು 50ರ ಒಳಗೆ, ಮೇಲೆ ಎಂದು ಎರಡೇ ಗುಂಪು ಮಾಡಿದರೆ ಹಿಂಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಕೊನೆಗೆ ಫಲಿತಾಂಶದ ಕೋಷ್ಟಕ. ಅಡ್ಜಸ್ಟ್ ಮಾಡುವ ಈ ಗುಂಪನ್ನು ಆರಿಸಿದ್ದು ವ್ಯಾಯಾಮದ ಪರಿಣಾಮ ತಿಳಿಯಲು, ಆದ್ದರಿಂದ ವ್ಯಾಯಾಮದ ಅಂಕಿ ಮಾತ್ರ ಬರೆಯುತ್ತೇನೆ. ಅದೇ ಮಾಡೆಲ್‌ನ ಧೂಮಪಾನದ ಸಾಲನ್ನು ‘ಧೂಮಪಾನದ ಪರಿಣಾಮ’ ಎಂದು ಓದಬಾರದು. ಧೂಮಪಾನದಿಂದ ವ್ಯಾಯಾಮಕ್ಕೆ ಬಾಣವಿರುವ ನಕ್ಷೆಯಲ್ಲಿ, ಧೂಮಪಾನ ವ್ಯಾಯಾಮವನ್ನು ಕುಗ್ಗಿಸಿ ಮಾಡುವ ಹಾನಿ ಆ ಅಂಕಿಯಲ್ಲಿ ಇರುವುದಿಲ್ಲ. ಅದು ಬೇಕಿದ್ದರೆ ಧೂಮಪಾನವನ್ನು ಎಕ್ಸ್‌ಪೋಷರ್ ಎಂದು ಗುರುತಿಸಿ, ಅದೇ ನಕ್ಷೆಯಲ್ಲಿ ಹಿಂಬಾಗಿಲುಗಳನ್ನು ಮತ್ತೆ ಹುಡುಕಬೇಕು.