ಬಣ್ಣ ಹೊಡೆಯೋಕೆ ಮೊದಲು ಉಜ್ಜಿದ ಕಥೆ

ನಮ್ಮ ಹಳೆ ಮಾರುತಿ 800ಕ್ಕೆ ಮನೆಯಲ್ಲೇ ಬಣ್ಣ ಹೊಡೆದೆ ಅಂದರೆ ಎಲ್ಲರೂ ಸ್ಪ್ರೇ ಗನ್ ಬಗ್ಗೆಯೇ ಕೇಳುತ್ತಾರೆ. ಗನ್ ಹಿಡಿದದ್ದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಹೋಗಿದ್ದು ಹಳೆ ಬಣ್ಣದ ಜೊತೆ.

ಬಳ್ಳಾರಿಯಲ್ಲಿ ಗಾಡಿ ಇಟ್ಟವರಿಗೆ ಗೊತ್ತು, ಸಂಡೂರು ಕಡೆ ಒಮ್ಮೆ ಹೋಗಿ ಬಂದರೆ ಡೋರ್ ಸಂದಿಯಲ್ಲೆಲ್ಲ ಕೆಂಪು ಧೂಳು. ಅದು ಬರೀ ಮಣ್ಣಲ್ಲ, ಕಬ್ಬಿಣದ ಅದಿರು. ಅದರ ಮೇಲೇ ಎಮರಿ ಪೇಪರ್ ಆಡಿಸಿದರೆ ಬೇಡದ ಕಡೆ ಆಳವಾದ ಗೀರು ಬೀಳುತ್ತದೆ. ಹಾಗಾಗಿ ಮೊದಲು ಶಾಂಪೂ ನೀರು, ಹಳೆ ಟೂತ್ ಬ್ರಶ್. ಬೀಡಿಂಗ್ ರಬ್ಬರ್ ಎತ್ತಿ ಅದರ ಕೆಳಗೂ ತೊಳೆದೆ. ಒಣಗಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ ನೋಡಿ. ಬರಿಗೈಗೆ ಸಿಗದ ತರಿತರಿ ಆಗ ಬೆರಳಿಗೆ ಸಿಗುತ್ತದೆ.

ಪಾಲಿಶ್, ವ್ಯಾಕ್ಸ್ ಜಿಡ್ಡನ್ನೂ ಉಜ್ಜುವ ಮೊದಲೇ ತೆಗೆಯಬೇಕು. ಇಲ್ಲದಿದ್ದರೆ ಅದು ಗೀರುಗಳೊಳಗೆ ಇಳಿದು, ಹೊಸ ಬಣ್ಣದಲ್ಲಿ ಸಣ್ಣ ಸಣ್ಣ ಗುಳಿ ಏಳಿಸುತ್ತದೆ. ಒಂದು ಕೈಯಲ್ಲಿ ವ್ಯಾಕ್ಸ್ ರಿಮೂವರ್ ಹಾಕಿದ ಬಟ್ಟೆ, ಇನ್ನೊಂದರಲ್ಲಿ ಒಣ ಬಟ್ಟೆ. ಆರುವ ಮೊದಲೇ ಒರೆಸಬೇಕು. ನಮ್ಮ ಬಿಸಿಲಿಗೆ ಕಾದ ತಗಡಿನ ಮೇಲೆ ಇದು ಆಗದ ಮಾತು. ಬೆಳಿಗ್ಗೆ, ನೆರಳಲ್ಲಿ, ಒಂದೊಂದೇ ಡೋರ್ ಮಾಡಿ.

ಆಮೇಲೆ ಕಾಣದ ಮೂಲೆಯಲ್ಲಿ ಥಿನ್ನರ್ ಪರೀಕ್ಷೆ. ಹಳೆ ಬಣ್ಣ ಕರಗುತ್ತದಾ ಅಂತ ನೋಡೋಕೆ ಬಿಳಿ ಬಟ್ಟೆಗೆ ಬಣ್ಣ ತೆಳು ಮಾಡುವ ಎನ್‌ಸಿ ಥಿನ್ನರ್ ಹಾಕಿ ತಿಕ್ಕಿದೆ. ಬಾನೆಟ್‌ನಲ್ಲಿ ಏನೂ ಬರಲಿಲ್ಲ. ಎಡಗಡೆ ಡೋರ್‌ನಲ್ಲಿ ಬಟ್ಟೆಗೆ ಬಣ್ಣ ಹತ್ತಿತು. ಹಿಂದಿನ ಓನರ್ ಅಲ್ಲಿ ಅಗ್ಗದ ಬಣ್ಣ ಹೊಡೆಸಿದ್ದರು ಅಂತ ಕಾಣುತ್ತದೆ. ಅದರ ಮೇಲೆ 2ಕೆ ಬಣ್ಣ (ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು) ಬಿದ್ದರೆ ಕೆಳಗಿನದು ಸುಕ್ಕಾಗಬಹುದು. ಆ ಡೋರ್ ಒಂದನ್ನೇ ತಗಡಿನವರೆಗೂ ಕೆರೆದೆ. ಗಟ್ಟಿಯಾಗಿ ಅಂಟಿರುವ ಕಂಪನಿ ಬಣ್ಣವನ್ನು ಸುಮ್ನೆ ಕೆರೆಯಬೇಡಿ, ಅದಕ್ಕಿಂತ ಒಳ್ಳೆ ತಳ ಸಿಗೋದಿಲ್ಲ.

ಜಾಸ್ತಿ ತಾಳ್ಮೆ ಬೇಡಿದ್ದು ಬಾನೆಟ್. ಅಲ್ಲಿ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಿಪ್ಪೆ ಎದ್ದಿತ್ತು. ಅಂಚನ್ನು 180 ನಂಬರಿನ ಎಮರಿ ಪೇಪರಿನಲ್ಲಿ ಶುರು ಮಾಡಿ ಅದಕ್ಕಿಂತ ನಯವಾದ 320ರವರೆಗೆ ಇಳಿಜಾರು ಮಾಡುತ್ತಾ ಬಂದರೆ ಕ್ಲಿಯರ್, ಬಣ್ಣ, ಪ್ರೈಮರ್ ಒಂದರ ಸುತ್ತ ಒಂದು ಈರುಳ್ಳಿ ಬಿಲ್ಲೆಯ ಹಾಗೆ ಕಾಣುತ್ತವೆ. ಕಣ್ಣನ್ನು ನಂಬಬೇಡಿ. ಉಗುರು ಎಳೆದಾಗ ಎಲ್ಲೂ ತಡೆಯಬಾರದು. ಪೇಪರಿನ ಹಿಂದೆ ಬ್ಲಾಕ್ ಇರಲಿ, ಬೆರಳಲ್ಲಿ ಒತ್ತಿದರೆ ಬೆರಳಿನ ಸಾಲೇ ಮೂಡುತ್ತದೆ. ಧೂಳಿಗೆ ಮಾಸ್ಕ್ ಬೇಕೇ ಬೇಕು.

ಡೋರ್ ತಳದ ತುಕ್ಕನ್ನು ಹೊಳೆಯುವ ತಗಡು ಕಾಣುವವರೆಗೆ ತೆಗೆದು, ಅವತ್ತೇ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆದೆ. ತಗ್ಗು ತುಂಬೋಕೆ ಪುಟ್ಟಿ ಹಾಕಿದ ಕಡೆ ನೀರು ಹಾಕದೆ ಒಣ ಪೇಪರಿನಲ್ಲೇ ಉಜ್ಜೋದು ಸರಿ, ಪುಟ್ಟಿ ನೀರು ಹೀರಿಕೊಳ್ಳುತ್ತದೆ.

ಇನ್ನು ನೀರು. ನಮ್ಮ ಬೋರ್ ನೀರು ಆರಿದರೆ ಬಿಳಿ ಕಲೆ ಉಳಿಯುತ್ತದೆ, ಅಲ್ವಾ? ಆ ಉಪ್ಪಿನ ಮೇಲೆ ಬಣ್ಣ ಬಿದ್ದರೆ ಮುಂದೆ ಗುಳ್ಳೆ ಏಳಬಹುದು. ಹಾಗಾಗಿ ಕೊನೆಯ ಸಲ ತೊಳೆಯೋಕೆ ಕ್ಯಾನ್ ನೀರು ತರಿಸಿದೆ. ಮನೆಯವರು ನಕ್ಕರು. ನಗಲಿ ಬಿಡಿ, ಇಡೀ ಕಾರಿಗೆ ಒಂದೇ ಕ್ಯಾನ್ ಸಾಕಾಯಿತು.