ಬಿಪಿ ಮಾತ್ರೆಯ ವಸಡು: ಕತ್ತರಿಗೆ ಮುಂಚೆ ಒಂದು ಚೀಟಿ

ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಕೆಲವರಲ್ಲಿ ವಸಡು ಬೆಳೆಸುತ್ತದೆ. ಅದನ್ನು ನುಂಗುವ ಅಜ್ಜ-ಅಜ್ಜಿಯರ ಊದಿದ ವಸಡನ್ನು ಬ್ಲೇಡ್ ಮುಟ್ಟಿಸದೆ ಇಳಿಸಬಹುದು ಎಂದಾಗ ಶಿವಮೊಗ್ಗದ ನಮ್ಮ ದಂತವೈದ್ಯರೇ ನಕ್ಕಿದ್ದರು. ಈಗ ಅವರೇ ಕೇಸು ಕಳಿಸುತ್ತಾರೆ.

ಮೊದಮೊದಲು ನಾನೂ ಕತ್ತರಿಸಿದವನೇ. ಕ್ವಾಡ್ರಂಟ್‌ಗೆ, ಅಂದರೆ ಬಾಯಿಯ ಕಾಲು ಭಾಗಕ್ಕೆ, ಎರಡೂವರೆ ಸಾವಿರದ ಹತ್ತಿರ ಬಿಲ್ಲು. ವರ್ಷ ತುಂಬುವುದರೊಳಗೆ ಮುಂದಿನ ಹಲ್ಲುಗಳ ನಡುವಿನ ವಸಡು ಗೋಡಂಬಿಯಂತೆ ಉಬ್ಬಿ ವಾಪಸ್. ಮಾತ್ರೆಯೂ ಅದೇ, ಹಲ್ಲಿನ ಕೊಳೆಯೂ ಅದೇ, ಇನ್ನೇನಾಗಬೇಕು? ಎರಡನೇ ಸಲಕ್ಕೆ ದುಡ್ಡು ಕೇಳಲು ಬಾಯಿ ಬಾರದೆ ಕೈಯಿಂದ ಹೋಯಿತು.

ಈಗಿನ ಕ್ರಮ: ಮಾತ್ರೆಯ ಹೆಸರು ಕೇಳುವುದಿಲ್ಲ, ಸ್ಟ್ರಿಪ್ಪೇ ತರಿಸುತ್ತೇನೆ. ಟೆಲ್ಮಿಸಾರ್ಟನ್ (ಬೇರೊಂದು ಬಿಪಿ ಔಷಧಿ) ಎಂದುಕೊಂಡದ್ದರ ಬಾಲದಲ್ಲಿ 'ಎಎಂ' ಇದ್ದರೆ ಅಮ್ಲೋಡಿಪಿನ್ ಒಳಗೇ ಕೂತಿದೆ. 'ಎಚ್' ಇದ್ದರೆ ಮೂತ್ರ ಹೋಗಿಸುವ ಔಷಧಿ. ಅದು ಬಾಯಿ ಒಣಗಿಸಬಹುದು, ಹಲ್ಲಿನ ಬೇರಿನ ಹುಳುಕು ನೋಡಿ.

ಬಸ್ಸಿಳಿದು, ಹೊಗೆಸೊಪ್ಪಿನ ಕವಳ ಉಗಿದು ಬಂದವರಿಗೆ ಅರ್ಧ ಗಂಟೆ ಕೂರಿಸದೆ ಬಿಪಿ ಪಟ್ಟಿ ಕಟ್ಟಬೇಡಿ. ಮತ್ತೆ ನೋಡಿದರೂ 180/110 ದಾಟಿದ್ದರೆ ಆ ದಿನ ಹಲ್ಲಿನ ಕೊಳೆ ಕೆರೆಯುವ ಸ್ಕೇಲರ್ ಎತ್ತುವುದಿಲ್ಲ, ಫಿಸಿಷಿಯನ್ ಕಡೆಗೆ. 1:80,000 ಅಡ್ರಿನಲಿನ್ ಬೆರೆತ ಲಿಗ್ನೋಕೇನ್ (ಮರಗಟ್ಟಿಸುವ ಇಂಜೆಕ್ಷನ್) 3 ಎಂಎಲ್ ಮೀರಿಸುವುದಿಲ್ಲ, ಆಸ್ಪಿರೇಟ್ ಮಾಡದೆ, ಅಂದರೆ ಸೂಜಿ ರಕ್ತನಾಳದಲ್ಲಿಲ್ಲ ಎಂದು ಹಿಂದಕ್ಕೆಳೆದು ನೋಡದೆ, ಒತ್ತುವುದಿಲ್ಲ. ಕುರ್ಚಿಯನ್ನು ಮೂರು ಹಂತದಲ್ಲಿ ಎತ್ತಿ. ತಟ್ಟನೆ ಎಬ್ಬಿಸಿದರೆ ತಲೆ ತಿರುಗಿ ಬೀಳುತ್ತಾರೆ.

ಎರಡು ಸಿಟ್ಟಿಂಗ್‌ನಲ್ಲಿ ಸ್ಕೇಲಿಂಗ್, ರೂಟ್ ಪ್ಲೇನಿಂಗ್ (ವಸಡಿನೊಳಗಿನ ಬೇರನ್ನು ಕೆರೆದು ನಯ ಮಾಡುವುದು). ಜೊತೆಗೆ, ಮಾತ್ರೆ ಬದಲಿಸಲಾದೀತೇ ಎಂದು ಅವರ ಡಾಕ್ಟರಿಗೆ ಚೀಟಿ. ಬದಲಿಸುವುದು ಅವರ ಕೆಲಸ, ನಮ್ಮದಲ್ಲ. ಮೊದಲು ಕಳಿಸಿದ ಚೀಟಿಗಳಿಗೆ ಉತ್ತರವೇ ಇರಲಿಲ್ಲ. ಈಗ ಮೊದಲ ಸಾಲು ಬೇರೆ ಥರ ಬರೆಯುತ್ತೇನೆ. ಆ ಸಾಲು ಮಾತ್ರ ಕೇಳಬೇಡಿ. ಇಲ್ಲೇ ಒಂದು ದೊಡ್ಡ ಎಡವಟ್ಟಿದೆ: 'ಮಾತ್ರೆಯಿಂದ ವಸಡು ಬೆಳೆದಿದೆ' ಎಂದು ರೋಗಿಯ ಕಿವಿಗೆ ಬಿದ್ದರೆ ಮರುದಿನವೇ ಮಾತ್ರೆ ಬಿಟ್ಟು, ಬಿಪಿ 190ಕ್ಕೆ ಏರಿಸಿಕೊಂಡು ಬರುತ್ತಾರೆ. ಡಾಕ್ಟರ ಉತ್ತರ ಬರುವ ತನಕ ಮಾತ್ರೆ ತಪ್ಪಿಸಬೇಡಿ ಎಂದು ಮನೆಯವರ ಎದುರೇ ಹೇಳಿ.

ಕೀಟಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ 0.2% ಬಾಯಿ ಮುಕ್ಕಳಿಸಲು ಕೊಟ್ಟು ಸೋತೆ. ಕವಳ, ಕಾಫಿ ಸೇರಿ ಹಲ್ಲು ಕಂದುಬಣ್ಣಕ್ಕೆ ತಿರುಗಿ ಬಾಟಲಿ ಕಿಟಕಿ ಮೇಲೆ ಉಳಿಯಿತು. ಅದನ್ನೇ ಹಲ್ಲುಗಳ ಸಂದಿಗೆ ಹಾಕುವ ಸಣ್ಣ ಬ್ರಷ್‌ಗೆ ಅದ್ದಿ ರಾತ್ರಿ ಒಂದೇ ಸಲ ಆಡಿಸಿದರೆ ಕಲೆ ಕಡಿಮೆ, ಔಷಧಿ ಬೇಕಾದಲ್ಲೇ ಮುಟ್ಟುತ್ತದೆ. ಗಂಟು ಹಿಡಿದ ಬೆರಳಿಗೆ ಬ್ರಷ್ ಹಿಡಿ ಜಾರುತ್ತದಲ್ಲ, ಹಳೇ ಸೈಕಲ್ ಟ್ಯೂಬಿನ ಗೇಣುದ್ದ ಪಟ್ಟಿ ಸುತ್ತಿಕೊಟ್ಟೆ, ಖರ್ಚು ಸೊನ್ನೆ. 

ನೋವಿಗೆ ಡೈಕ್ಲೋಫೆನಾಕ್ ಬರೆಯುವ ಚಾಳಿ ಬಿಡಿ, ಹಲವು ಬಿಪಿ ಮಾತ್ರೆಗಳ ಕೆಲಸ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಸಾಕು.

ಮೂರು ತಿಂಗಳು ಕಾಯುತ್ತೇನೆ. ಮೆತ್ತಗೆ ಕೆಂಪಗಿದ್ದದ್ದು ಅಷ್ಟರಲ್ಲಿ ಹೆಚ್ಚಾಗಿ ಇಳಿದಿರುತ್ತದೆ. ನಾರುಗಟ್ಟಿ ಬಿಳಿಚಿದ್ದು ಇಳಿಯದು, ಅಷ್ಟಕ್ಕೆ ಮಾತ್ರ ಬ್ಲೇಡ್. ಎಂಟುನೂರು ರೂಪಾಯಿಯ ಎರಡು ಸಿಟ್ಟಿಂಗ್‌ನಲ್ಲಿ ನಮ್ಮ ಗಲ್ಲಾ ತುಂಬುವುದಿಲ್ಲ, ನಿಜ. ಮರುಭೇಟಿಯ ದಿನವನ್ನು ಅಡಿಕೆ ಸುಲಿತದ ತಿಂಗಳಲ್ಲಿ ಇಡಬೇಡಿ, ಒಬ್ಬರೂ ಬರುವುದಿಲ್ಲ.