ಲೀಟರ್ ಲೆಕ್ಕ ಬಿಟ್ಟ ಮೇಲೆ ತುಂಗೆಯ ಲೆಕ್ಕ ಕೂಡಿಬಂತು

ನೀರಿನಲ್ಲಿ ಕರಗಿದ ಸಾವಯವ ಕಾರ್ಬನ್ ಹಿಡಿಯುವ ಪಿಪಿಎಲ್ ಕಾರ್ಟ್ರಿಡ್ಜ್ (ಪಾಲಿಮರ್ ಪುಡಿ ತುಂಬಿದ ಸಣ್ಣ ಕೊಳವೆ) ಮಳೆಗಾಲದ ಹೊಳೆನೀರಿಗೆ ಆಗಿಬರುವುದಿಲ್ಲ ಎಂದು ನಮ್ಮ ಲ್ಯಾಬಿನಲ್ಲಿ ತೀರ್ಪು ಕೊಟ್ಟಾಗಿತ್ತು. ತೀರ್ಥಹಳ್ಳಿಯಲ್ಲಿ ಹಿಡಿದ ತುಂಗಾ ನೀರಿಗೆ ಬೇಸಿಗೆಯಲ್ಲಿ ರಿಕವರಿ, ಅಂದರೆ ಇದ್ದ ಕಾರ್ಬನ್‌ನಲ್ಲಿ ಕಾರ್ಟ್ರಿಡ್ಜಿನಿಂದ ವಾಪಸ್ ಸಿಕ್ಕ ಪಾಲು, ಶೇ. 60ರ ಹತ್ತಿರ ಬರುತ್ತಿತ್ತು. ಜೂನ್‌ನ ಮೊದಲ ಕೆಂಪು ನೀರಿಗೆ 40 ದಾಟುತ್ತಿರಲಿಲ್ಲ. ‘ಮಳೆಗಾಲದ ಕಾರ್ಬನ್ನೇ ಬೇರೆ ಜಾತಿ, ಹಾಗಂತ ಬರೆದು ಮುಗಿಸು ಮಾರಾಯ’ ಅಂದರು ಸೀನಿಯರ್. ನಾನು ಬರೆಯಲಿಲ್ಲ. ಆ ಹಠಕ್ಕೆ ಎರಡು ಮಳೆಗಾಲ ಹೋಯಿತು, ಮೂರು ಬಾಕ್ಸ್ ಕಾರ್ಟ್ರಿಡ್ಜ್ ಹೋಯಿತು. ಒಂದೊಂದು ಬಾಕ್ಸಿಗೆ ಆಗ 25 ಸಾವಿರ ರೂಪಾಯಿಯ ಆಸುಪಾಸು ಬಿದ್ದಿತ್ತು.

ಸಿ18 ಎಂಬ ಇನ್ನೊಂದು ಬಗೆಯ ಕಾರ್ಟ್ರಿಡ್ಜ್ ಅಗ್ಗ ಅಂತ ಅದನ್ನೂ ನೋಡಿದೆ. ವೇಸ್ಟ್ ಬಾಟಲಿಗೆ ಬಿದ್ದ ನೀರಿಗೇ ತೆಳು ಚಹಾದ ಬಣ್ಣ, ಅಂದರೆ ಹಿಡಿಯಬೇಕಾದದ್ದು ಹರಿದುಹೋಗಿತ್ತು! ಇದೇ ಕೆಲಸಕ್ಕೆ ಬಳಸುವ ಎಕ್ಸ್‌ಎಡಿ-8 ರೆಸಿನ್ ತೊಳೆಯುವುದರಲ್ಲೇ ವಾರ ಕಳೆದು ಕೈಬಿಟ್ಟೆ. ಒಮ್ಮೆಯಂತೂ ಪಿಪಿಎಲ್ ರಿಕವರಿ 140 ಬಂತು. ಹೊಳೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾರ್ಬನ್! ಹಿಡಿದ ಕಾರ್ಬನ್ನನ್ನು ಕಾರ್ಟ್ರಿಡ್ಜಿನಿಂದ ಇಳಿಸಲು ಹಾಕಿದ ಮೆಥನಾಲ್, ಕಣ್ಣಿಗೆ ಒಣಗಿದಂತಿದ್ದ ವಯಲ್‌ನಲ್ಲಿ (ಪುಟ್ಟ ಸೀಸೆಯಲ್ಲಿ) ಉಳಿದು, ಅದರ ಕಾರ್ಬನ್ನೂ ಲೆಕ್ಕಕ್ಕೆ ಸೇರಿತ್ತು. ಈಗ ನೈಟ್ರೋಜನ್ನಿನಲ್ಲಿ ಒಣಗಿಸಿ, ಮಿಲಿ-ಕ್ಯೂ (ಲ್ಯಾಬಿನ ಅತಿಶುದ್ಧ ನೀರು) ಹಾಕಿ ಮತ್ತೊಮ್ಮೆ ಒಣಗಿಸುತ್ತೇನೆ. ಪ್ರತಿ ಬ್ಯಾಚಿಗೂ ಹೊಳೆನೀರಿಲ್ಲದ ಒಂದು ಬ್ಲ್ಯಾಂಕ್ ಕಡ್ಡಾಯ.

ಉತ್ತರ ಸಿಕ್ಕಿದ್ದು ಮನೆಯ ಚೊಗರಿನಲ್ಲಿ. ಅಡಿಕೆ ಬೇಯಿಸಿದ ಚೊಗರನ್ನು ಸುಮ್ಮನೆ ಆಟಕ್ಕೆಂದು ತೆಳ್ಳಗೆ ಮಾಡಿ, ಆಸಿಡ್ ಹಾಕಿ, 200 ಮಿಲಿಗ್ರಾಂ ಪುಡಿ ಇರುವ ಪಿಪಿಎಲ್ ಕಾರ್ಟ್ರಿಡ್ಜಿಗೆ ಬಿಟ್ಟೆ. ಮೇಲ್ತುದಿಯಲ್ಲಿ ಕಂದು ಪಟ್ಟಿ ಕಟ್ಟಿತು. ಇನ್ನಷ್ಟು ಬಿಟ್ಟ ಹಾಗೆಲ್ಲ ಪಟ್ಟಿ ಕೆಳಗಿಳಿಯಿತು. ಕೊನೆಗೆ ತುದಿಯಿಂದಲೇ ಕಂದು ಹನಿ ತೊಟ್ಟಿಕ್ಕಿತು. ನಾನು ಎಲ್ಲ ಕಾಲಕ್ಕೂ 1 ಲೀಟರ್ ನೀರನ್ನೇ ಬಿಡುತ್ತಿದ್ದೆನಲ್ಲ! ಬೇಸಿಗೆಯ ಲೀಟರಿನಲ್ಲಿ ಕಾರ್ಬನ್ ಒಂದೂವರೆ ಮಿಲಿಗ್ರಾಂ, ಜೂನ್‌ನದರಲ್ಲಿ ಸುಮಾರು 5. ಕಾರ್ಟ್ರಿಡ್ಜ್ ತುಂಬಿ ತುಳುಕುತ್ತಿತ್ತು, ಅಷ್ಟೆ.

ಈಗ ಮೊದಲು ಡಿಓಸಿ (ನೀರಿನಲ್ಲಿ ಕರಗಿದ ಸಾವಯವ ಕಾರ್ಬನ್) ಅಳೆಯುತ್ತೇನೆ. ಆಮೇಲೆ 1 ಮಿಲಿಗ್ರಾಂ ಕಾರ್ಬನ್ ಮೀರದಷ್ಟು ನೀರು: ಜೂನ್‌ನಲ್ಲಿ 200 ಎಂಎಲ್ ಸಾಕು. ಎರಡೂ ಕಾಲಕ್ಕೆ ರಿಕವರಿ 60ರ ಅಕ್ಕಪಕ್ಕ ನಿಂತಿದೆ. ಯಾವ ಯಾವ ಅಣುಗಳಿವೆ ಎಂದು ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಋತುಗಳ ನಡುವೆ ಕಂಡಿದ್ದ ‘ವ್ಯತ್ಯಾಸ’ ಅರ್ಧಕ್ಕರ್ಧ ಇಳಿಯಿತು. ಅದು ಹೊಳೆಯದ್ದಾಗಿರಲಿಲ್ಲ, ನನ್ನದಾಗಿತ್ತು. ಫ್ಲೋರೆಸೆನ್ಸ್ (ಬೆಳಕು ಬಿಟ್ಟಾಗ ನೀರಿನ ವಸ್ತುಗಳು ಹೊರಸೂಸುವ ಹೊಳಪು) ಮಾತ್ರ ಕಾರ್ಟ್ರಿಡ್ಜಿಗೆ ಬಿಡದ ಹಸಿ ನೀರಿನಲ್ಲೇ ನೋಡುತ್ತೇನೆ. ಎಷ್ಟೇ ಚೆನ್ನಾಗಿ ಹಿಡಿದರೂ ಆ ಹೊಳಪಿನಲ್ಲಿ ಪ್ರೋಟೀನ್ ಪೀಕ್ ಕೊಡುವ ವಸ್ತು ಕಾರ್ಟ್ರಿಡ್ಜಿನಲ್ಲಿ ಉಳಿಯುವುದು ಕಷ್ಟ.

ಕಾರ್ಟ್ರಿಡ್ಜಿನಲ್ಲಿ ನೀರು ಹರಿಯುವ ವೇಗವನ್ನು ಹೇಗೆ ಹಿಡಿತದಲ್ಲಿಡುತ್ತೇನೆ ಎಂಬುದನ್ನು ಸದ್ಯ ಹೇಳಲಾರೆ. ಪಂಪ್ ಇಲ್ಲ ಅಂತ ಮಾತ್ರ ತಿಳಿದುಕೊಳ್ಳಿ. ಮೊನ್ನೆ ಅದೇ ಸೀನಿಯರ್ ಬಂದು, ನಾಲ್ಕು ಕಾರ್ಟ್ರಿಡ್ಜ್ ಸಾಲ ಸಿಗಬಹುದಾ ಅಂತ ಕೇಳಿದರು. ಎರಡು ಕೊಟ್ಟೆ.